ಶನಿವಾರದ ಸುಳ್ಳು

"ಬೆರಳು ತೆಗೀರಿ ಮೊದಲು," ಎಂದ ಅಂಗಡಿಯವನು. ಏನು ಬೇಕಿತ್ತು ಎಂದು ಕೇಳುವ ಸೌಜನ್ಯವೂ ಇಲ್ಲ.

ಅವಳು ಬೆಚ್ಚಿ ಕೈ ಹಿಂದೆಗೆದಳು. ಕೆಟ್ಟುನಿಂತ ಕಂಪ್ಯೂಟರಿನಿಂದ ಬಿಚ್ಚಿಸಿ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಪ್ರೊಸೆಸರು ಗಾಜಿನ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಬಿಸ್ಕತ್ತಿನಷ್ಟು ಅಗಲ, ಮೈತುಂಬ ಕೂದಲೆಳೆಯಂಥ ಪಿನ್ನುಗಳು.

"ಎರಡು ಪಿನ್ನು ಬಗ್ಗಿದೆ. ಇದನ್ನ ಯಾರಾದ್ರೂ ಕರವಸ್ತ್ರದಲ್ಲಿ ತರ್ತಾರಾ?"

ಅವಳ ಕಣ್ಣು ತುಂಬಿತು. ಒಂದು ವಾರದಲ್ಲಿ ಅವಳೊಂದಿಗೆ ಎದುರಿಗೆ ನಿಂತು ಮಾತಾಡಿದ ಮೊದಲ ಮನುಷ್ಯ ಇವನು. ಆ ಮೊದಲ ಮಾತೇ ಬೈಗುಳ...

ಅವನು ಅದನ್ನು ಕಂಡನೋ ಇಲ್ಲವೋ. ಕಡ್ಡಿ ತೆಗೆದ ಪೆನ್ ಪೆನ್ಸಿಲೊಂದನ್ನು ಹುಡುಕಿ, ಅದರ ತುದಿಯ ಸಣ್ಣ ತೂತಿಗೆ ಬಗ್ಗಿದ ಪಿನ್ನನ್ನು ತೂರಿಸಿ, ಉಸಿರು ಬಿಗಿಹಿಡಿದು ನಿಧಾನವಾಗಿ ನೆಟ್ಟಗೆ ಮಾಡಿದ. ಅವಳೂ ಉಸಿರು ಬಿಗಿಹಿಡಿದೇ ನೋಡಿದಳು. ಅವನ ಕಿವಿಯ ಹಿಂದಿನ ಕೂದಲು ಆಗಲೇ ಬೆಳ್ಳಗಾಗಿತ್ತು. ಇಷ್ಟು ಮೆತ್ತಗಿನ ಕೈ ಇರುವವನ ಬಾಯಿ ಯಾಕಿಷ್ಟು ಒರಟು, ಎಂದುಕೊಂಡಳು.

ಈ ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಗೋಡೆಯುದ್ದಕ್ಕೂ ಸತ್ತ ಕಂಪ್ಯೂಟರುಗಳ ಭಾಗಗಳು. ಅಕ್ಕಪಕ್ಕದವರು ಅವನನ್ನು ಗುಜರಿ ಡಾಕ್ಟರು ಎಂದು ತಮಾಷೆ ಮಾಡುತ್ತಿದ್ದರು. ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸುವ ಹೊತ್ತಿಗೆ ಅವನ ಮದುವೆಯ ಮಾತೆತ್ತುವವರೇ ಇಲ್ಲವಾಗಿತ್ತು. ಅವಳಿಗೋ ಬೀದಿಯಲ್ಲಿ ಕಸೂತಿ ಅಕ್ಕ ಎಂದೇ ಹೆಸರು. ಶಾಲೆಯ ಲಾಂಛನ, ಆಸ್ಪತ್ರೆಯ ಕೋಟಿನ ಮೇಲಿನ ಹೆಸರು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ ಮಷೀನಿನಲ್ಲಿ ಹೊಲಿಯುವುದು ಅವಳ ಕೆಲಸ. ಅಮ್ಮ ತೀರಿಕೊಂಡು ನಾಲ್ಕು ವರ್ಷ. ಅಣ್ಣ ಅತ್ತಿಗೆ ಬೇರೆ ಊರಿನಲ್ಲಿ. ಎರಡು ಕೋಣೆಯ ಮನೆಯಲ್ಲಿ ಅವಳೊಬ್ಬಳೇ. ಮಾತು ಮರೆತುಹೋಗಬಾರದೆಂದು ನೂಲಿನ ಉಂಡೆಯ ನಂಬರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಸಾವಿರದ ನಲವತ್ತೇಳು, ಕೆಂಪು... ಸಾವಿರದ ನಲವತ್ತೆಂಟು, ಕೇಸರಿ...

ಹೊಸ ಕಂಪ್ಯೂಟರ್ ತಗೊಳ್ಳಿ ಎಂದು ಅವನೂ ಹೇಳಿದ. ಅವಳು ಕೈಚೀಲದಿಂದ ಬೆಂಕಿಪೊಟ್ಟಣದಷ್ಟಿನ ಒಂದು ಪ್ಲಗ್ಗು ತೆಗೆದಿಟ್ಟಳು, ಸಾಫ್ಟ್‌ವೇರಿನ ಬೀಗ. ಕಸೂತಿಯ ಸಾಫ್ಟ್‌ವೇರು ತೆರೆಯಬೇಕಾದರೆ ಅದನ್ನು ಕಂಪ್ಯೂಟರಿನ ಹಿಂದಿನ ಅಗಲವಾದ ಗುಲಾಬಿ ಕಿಂಡಿಗೆ ಸಿಕ್ಕಿಸಲೇಬೇಕು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿದೆ. ಹೊಸ ಕಂಪ್ಯೂಟರುಗಳಿಗೆ ಆ ಕಿಂಡಿಯೇ ಇಲ್ಲ. ಹನ್ನೊಂದು ವರ್ಷದ ಅವಳ ಡಿಸೈನುಗಳೆಲ್ಲ ತೆರೆಯುವುದು ಆ ಸಾಫ್ಟ್‌ವೇರಿನಲ್ಲಿ ಮಾತ್ರ.

ಅವನು ಬೀಗವನ್ನು ತಿರುಗಿಸಿ ನೋಡಿದ. ಪ್ರೊಸೆಸರನ್ನು ಗುಲಾಬಿ ಕಿಂಡಿಯಿಲ್ಲದ ತನ್ನ ಬೋರ್ಡೊಂದಕ್ಕೆ ಕೂರಿಸಿ ಪರೀಕ್ಷಿಸಿದ. ಪ್ರೊಸೆಸರಿಗೆ ಏನೂ ಆಗಿಲ್ಲ, ಹೋಗಿರುವುದು ಅದು ಕೂರುವ ಮದರ್‌ಬೋರ್ಡು ಎಂದ. ಈ ಪಿನ್ನುಗಳಿಗೆ ಹೊಂದುವ ಬೋರ್ಡೂ ಆಗಬೇಕು, ಹಿಂದೆ ಆ ಗುಲಾಬಿ ಕಿಂಡಿಯೂ ಇರಬೇಕು. ಎರಡೂ ಒಟ್ಟಿಗಿರುವುದು ಸಿಗುವುದು ಕಷ್ಟ.

"ಶನಿವಾರ ಬನ್ನಿ ಮೇಡಂ. ಹುಡುಕಿಟ್ಟಿರ್ತೀನಿ," ಎಂದು ಪ್ರೊಸೆಸರನ್ನು ಸ್ಪಂಜಿನ ಡಬ್ಬಿಯಲ್ಲಿಟ್ಟು ವಾಪಸ್ಸು ಕೊಟ್ಟ.

ಶನಿವಾರ ಸಿಕ್ಕಿರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಆದರೆ ಆ ಎರಡನೆಯ ಶನಿವಾರ ಅವಳು ಅಲ್ಲಿ ಒಂದು ಗಂಟೆ ಕೂತಿದ್ದಳು! ಅವನು ಬೆಸುಗೆ ಹಾಕುತ್ತಲೇ ತಂಗಿಯರ ಜಗಳದ ಕಥೆ ಹೇಳಿದ. ಅವಳು ಒಬ್ಬ ಡಾಕ್ಟರ ಕೋಟಿಗೆ ಇನ್ನೊಬ್ಬರ ಹೆಸರು ಹೊಲಿದ ಪೇಚಿನ ಕಥೆ ಹೇಳಿದಳು. ಅವನು ನಕ್ಕ. ಮನೆಗೆ ಬಂದ ಮೇಲೆ ಆ ರಾತ್ರಿ ಅವಳು ನೂಲಿನ ನಂಬರು ಓದಲಿಲ್ಲ.

ಮರುವಾರ ನೂಲು ತರಲು ಇನ್ನೊಂದು ಬಜಾರಿಗೆ ಹೋದಾಗ, ಹಳೆ ಸಾಮಾನಿನ ಅಂಗಡಿಯೊಂದರ ಬಾಗಿಲಲ್ಲೇ ಅದು ಕಂಡಿತು. ಗುಲಾಬಿ ಕಿಂಡಿ. ಅಲ್ಲಿಯ ಅಂಗಡಿಯವನು ಅವಳ ಪ್ರೊಸೆಸರಿನ ನಂಬರು ಕೇಳಿ, ಬೋರ್ಡಿನ ನಂಬರು ನೋಡಿ, ನಿಮ್ಮ ಪ್ರೊಸೆಸರಿಗೆ ಹೇಳಿ ಮಾಡಿಸಿದ ಹಾಗಿದೆ ಎಂದ. ಸಂಜೆ ತನ್ನ ಕೆಲಸದವನನ್ನು ಕಳಿಸಿ ಜೋಡಿಸಿಯೂ ಕೊಟ್ಟ. ಪರದೆ ಬೆಳಗಿತು. ಹನ್ನೊಂದು ವರ್ಷದ ಡಿಸೈನುಗಳು ಸಾಲಾಗಿ ಬಂದು ನಿಂತವು.

ಕುಣಿದಾಡಬೇಕಿತ್ತು ಅವಳು. ಬದಲಿಗೆ ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು.

'ಇನ್ನು ಶನಿವಾರ ಯಾವ ಮುಖ ಹೊತ್ತು ಹೋಗಲಿ? ಏನಂತ ಹೋಗಲಿ?'

ಆದರೂ ಹೋದಳು. ನಸುನೀಲಿ ಸೀರೆ ಇಸ್ತ್ರಿ ಮಾಡಿ ಉಟ್ಟುಕೊಂಡು ಹೋದಳು. ಸಿಕ್ಕಿತಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದು ಅವನು ತಲೆ ತಗ್ಗಿಸಿದ. ಪರವಾಗಿಲ್ಲ, ಅವಸರವೇನಿಲ್ಲ ಎಂದಳು ನಮ್ಮ ಕಸೂತಿ ಅಕ್ಕ, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ!

ಹೀಗೆ ಐದು ಶನಿವಾರ ಕಳೆದವು. ರಜೆಯ ದಿನ ಬಸ್ಸು ಹತ್ತಿ ಬೇರೆ ಊರುಗಳ ಗುಜರಿಯನ್ನೂ ಜಾಲಾಡಿ ಬಂದೆ ಎಂದು ಅವನು ಹೇಳಿದ ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೇಳಿಬಿಡಬೇಕು... ಹೇಳಿದರೆ ಇವನೂ ಇಲ್ಲ. ಮುಂದಿನ ವಾರ ಹೇಳುತ್ತೇನೆ, ಖಂಡಿತ...

ಆರನೆಯ ಶನಿವಾರ ಅವನು ತಲೆ ಎತ್ತಲಿಲ್ಲ.

"ನೂಲಿನ ಬಜಾರಿನ ಗುಜರಿಯವನಿಗೆ ಫೋನ್ ಮಾಡಿದ್ದೆ," ಎಂದ. "ಬೋರ್ಡು ಇತ್ತಂತೆ. ಕಸೂತಿ ಕೆಲಸದ ಹೆಣ್ಣುಮಗಳು ತಗೊಂಡು ಹೋಗಿ ಒಂದು ತಿಂಗಳಾಯ್ತಂತೆ."

ಅವಳು ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

"ನನ್ನ ಮೇಲೆ ನಂಬಿಕೆ ಇರಲಿಲ್ಲ ಅಂದ್ರೆ ಹೇಳಬಹುದಿತ್ತು. ಊರೂರು ತಿರುಗಿದೆ ನಾನು, ಹುಚ್ಚನ ಹಾಗೆ. ನೀವು ವಾರವಾರ ಬಂದು ಆ ಹುಚ್ಚನ್ನ ನೋಡಿಕೊಂಡು ಹೋಗ್ತಿದ್ರಿ."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳು ತಿರುಗಿ ಮೆಟ್ಟಿಲು ಹತ್ತಿ ಹೊರಟುಹೋದಳು.

ಆಮೇಲೆ ಎರಡು ಶನಿವಾರ ಅವಳು ಮನೆಯಲ್ಲೇ ಇದ್ದಳು. ಮಷೀನು ಟಕಟಕ ಓಡುತ್ತಿತ್ತು, ಹೊಲಿಗೆ ಅಚ್ಚುಕಟ್ಟಾಗಿ ಬೀಳುತ್ತಿತ್ತು. ಅಡುಗೆ ಮಾಡಲು ಮನಸ್ಸಾಗದೆ ಮೂರು ದಿನ ಬರಿ ಬ್ರೆಡ್ಡು ತಿಂದಳು. ಅಮ್ಮ ಹೋದ ಮೇಲೆ ಈ ಒಂಟಿತನಕ್ಕೆ ಒಗ್ಗಿಹೋಗಿದ್ದೇನೆ ಎಂದುಕೊಂಡಿದ್ದಳು. ಒಗ್ಗಿರಲಿಲ್ಲ.

ಅತ್ತಿಗೆ ಫೋನು ಮಾಡಿ, ಕಂಪ್ಯೂಟರು ಸರಿಹೋಯಿತಲ್ಲ, ಇನ್ನೂ ಯಾಕೆ ದನಿ ಕುಗ್ಗಿದೆ ಎಂದು ಕೇಳಿದಳು. ಅವಳು ಏನೋ ಹೇಳಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿಗೆ ಮಾತಿನ ಮಲ್ಲಿ, ಅವತ್ತು ಮಾತ್ರ ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ, "ಅಳೋದನ್ನ ನನ್ನ ಹತ್ರ ಅತ್ತೆಯಲ್ಲ, ಹೇಳೋದನ್ನ ಅವನ ಹತ್ರ ಹೋಗಿ ಹೇಳು," ಎಂದಳು.

ಮರುದಿನ ಬುಧವಾರ. ನಡುಮಧ್ಯಾಹ್ನ ಅವಳು ನೆಲಮಾಳಿಗೆಯ ಮೆಟ್ಟಿಲಿಳಿದಳು. ಅವನೊಬ್ಬನೇ ಕೂತು ಯಾವುದೋ ಫ್ಯಾನಿನ ಧೂಳು ಒರೆಸುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು.

"ನಿಮ್ಮನ್ನ ನೋಡಿ ನಗೋಕೆ ನಾನು ಬರ್ತಿರಲಿಲ್ಲ," ಎಂದಳು. "ಬೋರ್ಡು ಸಿಕ್ಕಿತು ಅಂದ್ರೆ ಇಲ್ಲಿಗೆ ಬರೋಕೆ ನನಗೆ ದಾರಿಯೇ ಇರಲಿಲ್ಲ. ಅದಕ್ಕೆ ಹೇಳಲಿಲ್ಲ. ನಿಮ್ಮನ್ನ ಅಷ್ಟು ಅಲೆದಾಡಿಸಿದ್ದು ತಪ್ಪು. ನಿಮ್ಮನ್ನ ಇಷ್ಟಪಟ್ಟೆ... ಅದು ತಪ್ಪೋ ಸರಿಯೋ ನೀವೇ ಹೇಳಿ."

ಅವನು ಫ್ಯಾನನ್ನು ಕೆಳಗಿಟ್ಟ. ಅವಳಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು, ಆದರೂ ನಿಂತಳು.

"ಕಂಪ್ಯೂಟರ್ ಸರಿಯಾಗಿ ನಡೀತಿದೆಯಾ?" ಎಂದು ಕೇಳಿದ.

"ನಡೀತಿದೆ."

"ನಡುವೆ ಆಫ್ ಆಗೋದು, ಶಬ್ದ ಬರೋದು?"

"ಏನೂ ಇಲ್ಲ."

"ಹಾಗಾದ್ರೆ ನಿಮ್ಮ ಮನೆಗೆ ನಾನು ಏನು ಕಾರಣ ಹೇಳಿಕೊಂಡು ಬರಲಿ?" ಅವನ ಕಣ್ಣೂ ಒದ್ದೆಯಾಗಿತ್ತು. "ಎರಡು ವಾರದಿಂದ ಅದನ್ನೇ ಯೋಚನೆ ಮಾಡ್ತಿದ್ದೀನಿ. ಒಂದೂ ಹೊಳೀತಿಲ್ಲ."

ಅವಳು ಅಳುತ್ತಲೇ ನಕ್ಕಳು.

"ಸುಮ್ಮನೆ ಬನ್ನಿ," ಎಂದಳು.