ಬಸಣ್ಣಿಯ ಬಾಯಲ್ಲಿ ಕಾರು

"ಶುರುವಾಯ್ತಪ್ಪ ಮತ್ತೆ!" ಹಿಂದಿನ ಸೀಟಿನಿಂದ ವೀರಬಸಪ್ಪನವರು ಗೊಣಗಿದರು.

ಶಿರಾಳಕೊಪ್ಪ ದಾಟಿ ರಸ್ತೆ ನೆಟ್ಟಗಾಗಿತ್ತು. ಕಾರು ಓಟ ಹಿಡಿದಿತ್ತು. ಅದರ ಹಿಂಭಾಗದಲ್ಲಿ ಯಾವುದೋ ಹಟಮಾರಿ ಮಗು ಕೂತು ರಾಗ ಎಳೆಯುತ್ತಿರುವ ಹಾಗೆ ಸದ್ದು ಕೇಳತೊಡಗಿತು.

ಮುಂದೆ ಕೂತಿದ್ದ ಅವರ ಮಗಳು ಬಸಣ್ಣಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೊಸ ಸದ್ದು ಕಿವಿಗೆ ಬಿದ್ದರೆ ಸಾಕು, ಅಣಕಿಸಲು ಅವಳ ಗಂಟಲು ತುರಿಸುತ್ತಿತ್ತು. ಆದರೇನು ಮಾಡುವುದು? ಹೋದ ವಾರವಷ್ಟೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರ ಸೀನು, ಸೀನಿನ ಹಿಂದೆ ಬರುವ ಕೆಮ್ಮು, ಕೆಮ್ಮಿನ ಹಿಂದೆ ಬರುವ "ಸೈಲೆನ್ಸ್!" ಎಲ್ಲವನ್ನೂ ಮಾಡಿ ತೋರಿಸಿದ್ದಳು. ಮಕ್ಕಳೆಲ್ಲ ನಕ್ಕಿದ್ದರು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ. ಅವತ್ತು ಸಂಜೆ ಅಪ್ಪಯ್ಯ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದ್ದರು. ಇನ್ನು ಯಾರನ್ನೂ ಅಣಕಿಸುವಂತಿಲ್ಲ!

"ಮಾರಪ್ಪ, ನಿನ್ನ ಕೈಗೆ ಕೊಟ್ಟಾಗ ಈ ಕಾರು ಹೀಗೆ ಅಳ್ತಿತ್ತಾ?" ವೀರಬಸಪ್ಪನವರು ಡ್ರೈವರನನ್ನು ಕೇಳಿದರು.

"ಇಲ್ಲ ಸಾವ್ಕಾರ್ರೆ."

"ಗಾಡಿ ಹೊಡೆಯೋನಿಗೆ ಕಾರು ಕೊಟ್ಟಿದ್ದೇ ನನ್ನ ತಪ್ಪು. ನಿನ್ನಿಂದ ಹಾಳಾಗಿದೆ ಅಂತ ಇವತ್ತು ಮೆಕ್ಯಾನಿಕ್ ಹೇಳ್ಲಿ, ಶಿವಮೊಗ್ಗದಿಂದ ಬೇರೆ ಡ್ರೈವರ್ ತರಿಸ್ತೀನಿ. ನೀನು ವಾಪಸ್ ಎತ್ತಿನ ಹಿಂದೆ!"

ಮಾರಪ್ಪ ಕಾರಿನ ಓಟ ತಗ್ಗಿಸಿದ. ಇಪ್ಪತ್ತು ವರ್ಷ ಈ ಮನೆಯ ಎತ್ತಿನ ಗಾಡಿ ಹೊಡೆದವನು ಅವನು. ಮೂರು ವರ್ಷದ ಹಿಂದೆ ಕಾರು ಕಲಿತಿದ್ದ. ಅವತ್ತಿನಿಂದ ಹಿತ್ತಾಳೆ ಗುಂಡಿಯ ಖಾಕಿ ಕೋಟು ಅವನ ಮೈ ಬಿಟ್ಟಿರಲಿಲ್ಲ. ಏರು ಬಂದರೆ ಮಾತ್ರ ಅವನಿಗೆ ಕಾರೆಂಬುದು ಮರೆತುಹೋಗುತ್ತಿತ್ತು. ನಾಲಿಗೆಯಲ್ಲಿ "ಟ್ಕ್ ಟ್ಕ್" ಎನ್ನಿಸಿ, "ಬಾ ಮಗನೇ" ಎನ್ನುತ್ತಿದ್ದ. ಏರು ಬಂತೆಂದರೆ ಬಸಣ್ಣಿಗೆ ನಗು ಬರುತ್ತಿತ್ತು. ಇವತ್ತು ಏರು ಬಂದರೂ ಅವಳ ಮಾರಣ್ಣ "ಟ್ಕ್" ಎನ್ನಲಿಲ್ಲ.

ಶಿಕಾರಿಪುರದಲ್ಲಿ ಮೆಕ್ಯಾನಿಕ್ ಹುಚ್ಚರಾಯಪ್ಪ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಕಾಲಿಗೆ ಕುಂಬಳಕಾಯಿಯಷ್ಟು ದಪ್ಪ ಬ್ಯಾಂಡೇಜು.

"ಲಾರಿ ಸ್ಪ್ರಿಂಗ್ ಪಟ್ಟಿ ಕಾಲ್ ಮ್ಯಾಲೆ ಬಿತ್ರೀ. ಕಾರು ಹತ್ತಾಕ ಆಗಂಗಿಲ್ಲ. ನಿಂತ ಕಾರಂತೂ ಕೂಗಂಗಿಲ್ಲ. ಎಂಥ ಸದ್ದು, ನೀವೇ ಹೇಳ್ರಿ."

ವೀರಬಸಪ್ಪನವರು ಗಂಭೀರವಾಗಿ ಎದೆಯುಬ್ಬಿಸಿ, "ಗೊರ್‌ರ್‌ರ್" ಎಂದರು.

"ಅದು ಊಟ ಆದ ಮ್ಯಾಲೆ ಮಲಗಿದೋರ ಸದ್ದು ಆತಲ್ರೀ!"

ಮಾರಪ್ಪ ಅಂಜುತ್ತ, "ಕುಂಯ್ ಕುಂಯ್" ಎಂದ.

"ಅದು ನಾಯಿಮರಿ. ಅದಿರ್ಲಿ, ಈ ಹುಡುಗಿ ಯಾಕೆ ಬಾಯಿ ಹಿಡ್ಕಂಡೈತಿ? ಹಲ್ಲುನೋವಾ?"

"ಅಲ್ಲ, ಆಣೆನೋವು!" ಬೆರಳ ಸಂದಿಯಿಂದ ಬಸಣ್ಣಿ ಹೇಳಿದಳು. ಹೆಡ್‌ಮಾಸ್ಟರ ಕತೆ ಕೇಳಿ ಹುಚ್ಚರಾಯಪ್ಪ ಬೆಂಚು ಅಲ್ಲಾಡುವಂತೆ ನಕ್ಕ.

"ಸಾವ್ಕಾರ್ರೇ, ಆಣೆ ಮನುಷ್ಯರಿಗೆ ಅಷ್ಟೇ. ಅಣಕಿಸಿದ್ರೆ ಕಾರಿಗೆ ಏನು ನಾಚಿಕಿ?"

ವೀರಬಸಪ್ಪನವರು ಕೆಮ್ಮಿದರು. "ಕಾರಾದ್ರೆ... ಅಡ್ಡಿಯಿಲ್ಲ."

ಬಸಣ್ಣಿ ಕೈ ತೆಗೆದಳು. "ಊಂಂಂ... ಊಂಂಯ್ಯ್... ಈಂಂಂಂ!"

ಲಾರಿ ಕೆಳಗೆ ಮಲಗಿದ್ದ ಎರಡು ನಾಯಿ ಎದ್ದು ನಿಂತವು. ಹುಚ್ಚರಾಯಪ್ಪ ಕಣ್ಣು ಮುಚ್ಚಿ, ಡಾಕ್ಟರ ಹಾಗೆ ಒಂದೊಂದೇ ಕೇಳಿದ.

"ಆಕ್ಸಿಲರೇಟರ್ ಒತ್ತಿದಾಗ?"

"ಹೀಗೇ, ಇನ್ನೂ ದಪ್ಪ. ಊಂಂಂ!"

"ತಿರುವಿನಾಗ ಸದ್ದು ಬದಲಾಗ್ತತಾ?"

"ಇಲ್ಲ."

"ಹಂಗಾದ್ರೆ ಚಕ್ರದ ಬೇರಿಂಗ್ ಅಲ್ಲ. ಇದು ಡಿಫರೆನ್ಷಿಯಲ್ಲು!"

ಹಿಂದಿನ ಅಚ್ಚಿನ ನಡುವೆ ಒಂದು ಗುಂಡನೆಯ ಕಬ್ಬಿಣದ ಡಬ್ಬಿ ಇತ್ತು. ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಹಲ್ಲುಗಾಲಿಗಳು ಅದರೊಳಗೆ ಇರುತ್ತವೆ. ಹುಚ್ಚರಾಯಪ್ಪನ ತಮ್ಮ ಬಂಗಾರಪ್ಪ ಕಾರಿನಡಿ ತೂರಿ ಡಬ್ಬಿಯ ಬಿರಡೆ ಬಿಚ್ಚಿದ. ಕರ್‍ರಗೆ, ಮಂದಗೆ ಏನೋ ಸುರಿಯಿತು. ಹುಚ್ಚರಾಯಪ್ಪ ಅದನ್ನು ಬೆರಳಲ್ಲಿ ತೆಗೆದು ಮೂಸಿದ.

"ಹರಳೆಣ್ಣೆ! ಸುಟ್ಟ ಹುಲ್ಲಿನ ಮಸಿ! ಅಲ್ರೀ, ಇದು ಎತ್ತಿನ ಗಾಡಿಗೆ ಹಾಕೋ ಕೀಲೆಣ್ಣೆ!"

ಎಲ್ಲರೂ ಮಾರಪ್ಪನತ್ತ ತಿರುಗಿದರು.

"ದೀ... ದೀಪಾವಳೀಲಿ ಕಾರು ತೊಳೀವಾಗ ಹಾಕ್ದೆ," ಎಂದ ಮಾರಪ್ಪ. ಅವನ ದನಿ ನಡುಗುತ್ತಿತ್ತು. "ಹ... ಹಬ್ಬಕ್ಕೆ ಅಚ್ಚಿಗೆ ಎಣ್ಣೆ ಹಾಕ್ದೆ ಬಿಟ್ರೆ ಪಾಪ ಅಲ್ವಾ... ಒಳಗಿನ ಎಣ್ಣೆ ಕೊಳೆ ಅಂದ್ಕೊಂಡು ಚೆಲ್ಲಿ..." ಮುಂದಿನ ಮಾತು ಗಂಟಲಲ್ಲೇ ಮುರಿಯಿತು.

"ಸಾಕು," ಎಂದರು ವೀರಬಸಪ್ಪನವರು.

ಬಸಣ್ಣಿ ಮತ್ತೆ ಬಾಯಿ ಮುಚ್ಚಿಕೊಂಡಳು. ಅವಳು ಕಾರನ್ನು ಅಣಕಿಸಿದ್ದಳು. ಸಿಕ್ಕಿಬಿದ್ದವನು ಮಾರಣ್ಣ.

ಬಂಗಾರಪ್ಪ ಸೀಮೆಎಣ್ಣೆಯಲ್ಲಿ ಡಬ್ಬಿ ತೊಳೆದು ಸರಿಯಾದ ಗೇರ್ ಆಯಿಲ್ ತುಂಬಿದ. "ಒಂದು ರೌಂಡ್ ಹೋಗಿ ಬರ್ರಿ," ಎಂದ ಹುಚ್ಚರಾಯಪ್ಪ. "ಹುಡುಗೀನೂ ಹೋಗ್ಲಿ. ಇವತ್ತು ನನ್ನ ಕಿವಿ ಆಕಿನೇ."

ಊರಾಚೆಯ ರಸ್ತೆಯಲ್ಲಿ ಮಾರಪ್ಪ ಆಕ್ಸಿಲರೇಟರ್ ಒತ್ತಿದ. ಸದ್ದಿಲ್ಲ! ಇನ್ನೂ ಒತ್ತಿದ. ಇಲ್ಲವೇ ಇಲ್ಲ!

"ಹೋಯ್ತಲ್ಲ ಪುಟ್ಟವ್ವ!" ಅವನ ಮುಖ ಅರಳಿತು.

ಇಳಿಜಾರು ಬಂತು. ಮಾರಪ್ಪ ಕಾಲು ತೆಗೆದ. ಆಗ ಕೇಳಿಸಿತು, ಸೊಳ್ಳೆಯ ಹಾಗೆ ಸಣ್ಣಗೆ. "ಈಂಂ..."

ಮಾರಪ್ಪನಿಗೆ ಅದು ಕೇಳಿಸಲಿಲ್ಲ. ಅವನ ಕಿವಿಗೆ ವಯಸ್ಸಾಗಿತ್ತು. "ಪೂರ್ತಿ ಹೋಯ್ತು ಅಂತ ಹೇಳ್ತೀಯಲ್ಲ?" ಎಂದ ಆಸೆಯಿಂದ.

ಹೋಯ್ತು ಎಂದು ಹೇಳಿಬಿಡಬಹುದಿತ್ತು. ಇನ್ನೂ ಸದ್ದಿದೆ ಎಂದರೆ, ಕೀಲೆಣ್ಣೆ ಕಾರನ್ನೇ ಕೆಡಿಸಿತು ಎಂದು ಅಪ್ಪಯ್ಯ ಸಿಟ್ಟಾಗುತ್ತಾರೆ. ಮಾರಣ್ಣನ ಕೋಟು ಗೂಟಕ್ಕೆ ಹೋಗುತ್ತದೆ. ಆದರೆ ಈ ಸೊಳ್ಳೆ ಸದ್ದು... ಇದನ್ನು ಮೊದಲೇ ಎಲ್ಲೋ ಕೇಳಿದ್ದಳಲ್ಲ? ಎಲ್ಲಿ?

ಕಾರು ವಾಪಸು ಬಂದು ನಿಲ್ಲುವುದರೊಳಗೆ ಅವಳಿಗೆ ನೆನಪಾಯಿತು.

"ಇನ್ನೂ ಇದೆ," ಎಂದಳು. ಮಾರಪ್ಪ ತಲೆ ತಗ್ಗಿಸಿದ. "ಕಾಲು ತೆಗೆದಾಗ ಮಾತ್ರ. ಈಂಂ... ಆದ್ರೆ ಅಪ್ಪಯ್ಯ, ಇದು ಹಳೇದು! ಶ್ರಾವಣದಲ್ಲಿ ಉಳವಿಯಿಂದ ಬರುವಾಗ್ಲೇ ಇತ್ತು. ನಾನು ಊಟಕ್ಕೆ ಕೂತು ಈಂ ಅಂದೆ. ತಟ್ಟೆ ಮುಂದೆ ಸೊಳ್ಳೆ ಆಟ ಬೇಡ ಅಂತ ನೀವು ಬೈದ್ರಿ."

ವೀರಬಸಪ್ಪನವರು ಕನ್ನಡಕ ತೆಗೆದರು. "ಹೌದು. ಬೈದಿದ್ದೆ."

"ಆಗ ಕೀಲೆಣ್ಣೆ ಎಲ್ಲಿತ್ತು? ದೀಪಾವಳಿ ಆಮೇಲಲ್ವಾ ಬಂದಿದ್ದು?"

ಹುಚ್ಚರಾಯಪ್ಪ ಬೆಂಚು ಬಡಿದ. "ಬಂಗಾರಪ್ಪ, ಉದ್ದ ಶಾಫ್ಟು ಡಬ್ಬಿ ಸೇರೋ ಕಡೆ ನಟ್ಟು ನೋಡೋ!"

ಕಾರಿನಡಿಯಿಂದ ಬಂಗಾರಪ್ಪನ ಕೂಗು ಬಂತು. "ಸಡಿಲ ಐತಣ್ಣ!"

"ನೋಡ್ರಿ ಸಾವ್ಕಾರ್ರೇ, ಈ ರಸ್ತೆ ಕುಣಿಸಿ ಕುಣಿಸಿ ನಟ್ಟು ಸಡಿಲಾಗೈತಿ. ಯಾವ ಡ್ರೈವರ್ ಆದ್ರೂ ಆಗ್ತಿತ್ತು. ಈತ ಅಳೋ ಕೂಸಿಗೆ ತಪ್ಪು ಔಷಧ ಕುಡಿಸ್ಯಾನ, ಖರೆ. ಕೂಸನ್ನ ಅಳಿಸಿದ್ದು ಮಾತ್ರ ಈತ ಅಲ್ಲ."

ನಟ್ಟು ಬಿಗಿಯಾಯಿತು. ಇನ್ನೊಂದು ರೌಂಡ್ ಆಯಿತು. ಈ ಸಲ ಬಸಣ್ಣಿ ಬಂದು ಬಾಯಿ ತೆರೆದಳು, ಏನೂ ಸದ್ದು ಮಾಡದೆ ಮುಚ್ಚಿದಳು. ಹುಚ್ಚರಾಯಪ್ಪ ಚಪ್ಪಾಳೆ ತಟ್ಟಿದ.

ವೀರಬಸಪ್ಪನವರು ಕಾರಿನ ಬಾಗಿಲು ತೆರೆದರು. "ಮಾರಪ್ಪ, ಇನ್ಮೇಲೆ ಡಬ್ಬಿ ಮುಟ್ಟಬೇಡ."

"ಇಲ್ಲ ಸಾವ್ಕಾರ್ರೆ."

"ಸ್ಟೇರಿಂಗ್ ಮುಟ್ಟು. ಹೊತ್ತಾಯ್ತು, ಮನೆಗೆ, ಸೊರಬಕ್ಕೆ ನಡಿ."

ಕಾರು ಸದ್ದಿಲ್ಲದೆ ಓಡಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಅಪ್ಪಯ್ಯನಿಗೆ ಭಾರೀ ಖುಷಿ ಬಂದಿತ್ತು.

"ಬಸಣ್ಣಿ, ಕೀಲೆಣ್ಣೆ ಸುರಿದಾಗ ಮಾರಪ್ಪ ಹೆಂಗೆ ತೊದಲಿದ? ಮಾಡಿ ತೋರ್ಸು! ಇವತ್ತು ಆಣೆಗೆ ರಜಾ."

ಬಸಣ್ಣಿಯ ಗಂಟಲು ತುರಿಸಿತು. ಆ ದನಿ ಅಲ್ಲೇ ಸಿದ್ಧವಾಗಿ ಕೂತಿತ್ತು. ಆ ನಡುಕ, ಆ ತೊದಲು, ಕೊನೆಯಲ್ಲಿ ಮುರಿದ ಮಾತು, ಒಂದೂ ತಪ್ಪದ ಹಾಗೆ. ಅವಳು ಪಕ್ಕಕ್ಕೆ ನೋಡಿದಳು. ಮಾರಣ್ಣ ರಸ್ತೆಯನ್ನೇ ನೋಡುತ್ತಿದ್ದ. ಅವನ ಕಿವಿ ಮಾತ್ರ ಕೆಂಪಾಗುತ್ತಿತ್ತು.

"ಅದು ಮರೆತುಹೋಯ್ತು ಅಪ್ಪಯ್ಯ."

"ನಿನಗಾ? ಮರೆಯೋದಾ?"

ಬಸಣ್ಣಿ ಮುಂದಿನ ರಸ್ತೆಯತ್ತ ಬೆರಳು ತೋರಿಸಿದಳು.

ಮುಂದೆ ಏರು ಬಂತು. ಕಾರು ಉಸಿರು ಎಳೆಯಿತು. ಮಾರಪ್ಪ ಮೆಲ್ಲಗೆ, "ಟ್ಕ್ ಟ್ಕ್" ಎಂದ.

"ಟ್ಕ್ ಟ್ಕ್," ಎಂದಳು ಬಸಣ್ಣಿಯೂ, ಅಷ್ಟೇ ಮೆಲ್ಲಗೆ. "ಬಾ ಮಗನೇ!"

ಇಬ್ಬರೂ ಸೇರಿ ಕಾರನ್ನು ಏರು ಹತ್ತಿಸಿದರು.