ಬೀಜಕ್ಕೆ ಬಿಟ್ಟ ಬೆಂಡೆ

“ಮುಖೇಶಾ! ಇಲ್ಲಿ ಬಾ. ನನ್ನ ಬೆಂಡೆ ಎಲ್ಲಿ?”

ಟೆರೇಸಿನಿಂದ ವಾರಿಜಾಕ್ಷಿ ಅಜ್ಜಿಯ ಸ್ವರ ಕೇಳಿದಾಗ ಪ್ರಾಪ್ತಿ ಸೋಫಾದಲ್ಲಿ ಮಲಗಿ ಕಾರ್ಟೂನ್ ನೋಡುತ್ತಿದ್ದಳು. ದಸರಾ ರಜೆಗೆಂದು ದೇರೆಬೈಲಿನ ಅಜ್ಜಿಮನೆಗೆ ಬಂದಿದ್ದಳು ಅವಳು. ಅಜ್ಜಿ ಹಾಗೆ ಜೋರಾಗಿ ಕರೆಯುವವರೇ ಅಲ್ಲ. ಪ್ರಾಪ್ತಿ ಮುಖೇಶ್ ಮಾವನ ಹಿಂದೆಯೇ ಮೆಟ್ಟಿಲು ಹತ್ತಿದಳು.

ಮೂಲೆಯಲ್ಲಿದ್ದ ಹಾಲು ಬೆಂಡೆಯ ಗಿಡವೇ ಇರಲಿಲ್ಲ. ಬೆರಳುದ್ದದ ಮೋಟು ಮಾತ್ರ ಉಳಿದಿತ್ತು.

ಡೆಂಜಿ ತನಗೇನೂ ಗೊತ್ತಿಲ್ಲದವರ ಹಾಗೆ ಹರಿವೆಯ ಮೇಲೆ ಸರಿಯುತ್ತಿತ್ತು.

ಡೆಂಜಿ ಅಂದರೆ ಮಾವ ತಂದ ರೋಬೋಟ್. ಯಾವುದೋ ಕಂಪನಿಯವರು ಟ್ರಯಲ್‌ಗೆ ಕೊಟ್ಟದ್ದು. ಗಿಡಗಳ ಎರಡೂ ಬದಿಯಲ್ಲಿ ಹಳಿ, ಹಳಿಯ ಮೇಲೆ ಅಡ್ಡಕ್ಕೊಂದು ಕಂಬಿ, ಕಂಬಿಯಲ್ಲಿ ಕ್ಯಾಮೆರಾ ಮತ್ತು ಕತ್ತರಿಯ ಕೈ. ನೀರು ಹಾಕುವುದು ಅದೇ, ಕಳೆ ತೆಗೆಯುವುದು ಅದೇ, ತರಕಾರಿ ಕೊಯ್ಯುವುದೂ ಅದೇ. ಬೇಡವಾದದ್ದನ್ನು ಕೊಚ್ಚಿ ಗೊಬ್ಬರದ ಡಬ್ಬಕ್ಕೆ ಹಾಕುತ್ತದೆ. ಏಡಿಯ ಹಾಗೆ ಅಡ್ಡಡ್ಡ ಹೋಗುತ್ತದಲ್ಲ, ಅದಕ್ಕೇ ಏಡಿಯ ತುಳು ಹೆಸರನ್ನು ಪ್ರಾಪ್ತಿ ಅದಕ್ಕೆ ಇಟ್ಟಿದ್ದಳು.

“ಅಮ್ಮ, ಆ ಗಿಡ ಒಣಗಿತ್ತಲ್ಲ?” ಅಂದರು ಮಾವ.

“ಒಣಗಲಿ ಅಂತಲೇ ಬಿಟ್ಟದ್ದು ಮಾರಾಯ! ಬೀಜಕ್ಕೆ! ಬಟ್ಟೆ ಕಟ್ಟಿರಲಿಲ್ವಾ ನಾನು?”

ಬೀಜಕ್ಕೆ ಬಿಟ್ಟ ಕಾಯಿಗೆ ಅಜ್ಜಿ ಹಳೆ ಸೀರೆಯ ಕೆಂಪು ಅಂಚು ಹರಿದು ಕಟ್ಟುತ್ತಾರೆ. ಕಟ್ಟಿದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಅಕ್ಕಪಕ್ಕದ ಮನೆಯವರಿಗೂ ಅದು ಗೊತ್ತು.

ಮಾವನಿಗೆ ಸಿಟ್ಟು ಬಂತು. ಕಂಪನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು. “ಎಂತ ಮಷಿನ್ ಮಾರಾಯ್ರೆ ನಿಮ್ಮದು? ಬಟ್ಟೆ ಕಟ್ಟಿದ್ದು ಸಹ ಕಾಣುದಿಲ್ವಾ ಅದಕ್ಕೆ?”

“ಕಂಡಿದೆ ಸರ್,” ಅಂದಿತು ಆಚೆಯ ಸ್ವರ. “ಡೌಟ್ ಬಂದು ಮಷಿನೇ ನಿಮ್ಮನ್ನು ಕೇಳಿದೆ. ಫೋಟೋ ಸಹ ಉಂಟು. ನಿಮ್ಮ ಕಡೆಯಿಂದಲೇ ಯೆಸ್ ಬಂದದ್ದು.”

ಮಾವ ಪ್ರಾಪ್ತಿಯ ಕಡೆ ತಿರುಗಿದರು. ಪ್ರಾಪ್ತಿ ತನ್ನ ಕಾಲುಬೆರಳು ನೋಡಿದಳು.

ಡೆಂಜಿ ಬಂದ ದಿನ ಮಾವ ತಮ್ಮ ಹಳೆ ಫೋನನ್ನು ಅವಳ ಕೈಗೆ ಕೊಟ್ಟು, “ನೀನು ಆಫೀಸರ್. ಅದು ಕೇಳಿದ್ದಕ್ಕೆಲ್ಲ ನೀನೇ ಆನ್ಸರ್ ಮಾಡುದು” ಎಂದಿದ್ದರು. ಅವಳಿಗೆ ಎಷ್ಟು ಖುಷಿಯಾಗಿತ್ತು! ಫೋನ್ ‘ಟಿಣ್’ ಅಂದರೆ ಸಾಕು, ಮೇಲೆ ಓಡುತ್ತಿದ್ದಳು. ಬಸವನಹುಳ, ಬಾಟಲಿಯ ಮುಚ್ಚಳ, ಕಾಗೆ ತಂದು ಹಾಕಿದ ಮೀನಿನ ಮುಳ್ಳು. ತೆಗೆಯಲೇ? ಯೆಸ್. ಆಮೇಲೆ ಓಡುವುದು ಬಿಟ್ಟಳು. ಕೂತಲ್ಲೇ ಫೋಟೋ ನೋಡಿದರಾಯಿತು. ಕೊನೆಗೆ ಫೋಟೋ ನೋಡುವುದೂ ನಿಂತಿತು. ಯೆಸ್ ಎಲ್ಲಿದೆ ಅಂತ ಹೆಬ್ಬೆರಳಿಗೇ ಗೊತ್ತಿತ್ತು.

ನಿನ್ನೆ ಟಿಣ್ ಅಂದಾಗ ಕಾರ್ಟೂನ್ ಜೋರಿನಲ್ಲಿತ್ತು. ಫೋಟೋದಲ್ಲಿ ಏನೋ ಕೆಂಪು ಇತ್ತು. ಅಷ್ಟು ಅವಳಿಗೆ ನೆನಪುಂಟು.

“ಅದು ನಿನ್ನ ಹತ್ರ ಕೇಳಿತ್ತಾ ಬಾಲೆ?” ಅಜ್ಜಿ ಮೆಲ್ಲಗೆ ಕೇಳಿದರು.

“ಕೇಳಿತ್ತು.”

“ನೀನು ಎಂತ ಹೇಳಿದ್ದು?”

“ಯೆಸ್ ಅಂತ.”

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

“ಹೋಗಲಿ ಅಮ್ಮ,” ಎಂದರು ಮಾವ. “ಬೆಂಡೆ ಬೀಜ ಪ್ಯಾಕೆಟಿನಲ್ಲಿ ಸಿಕ್ತದೆ.”

“ಸಿಕ್ತದೆ,” ಎಂದರು ಅಜ್ಜಿ. “ಇದು ಸಿಕ್ಕುದಿಲ್ಲ.”

ಅಜ್ಜಿಯ ತವರುಮನೆ ಪಣಂಬೂರಿನ ಹತ್ತಿರ ಇತ್ತಂತೆ. ಈಗ ಅಲ್ಲಿ ಬಂದರಿನ ಲಾರಿಗಳು ನಿಲ್ಲುತ್ತವೆ. ಮದುವೆಯಾಗಿ ಬರುವಾಗ ಅಜ್ಜಿಯ ತಾಯಿ ಸೆರಗಿನ ತುದಿಗೆ ಕಟ್ಟಿ ಕೊಟ್ಟ ಬೀಜ ಅದು. ವರ್ಷ ವರ್ಷವೂ ಒಂದಿಷ್ಟು ತಿಂದು, ಒಂದಿಷ್ಟು ಬೀಜಕ್ಕೆ ಬಿಟ್ಟು, ಹಾಗೇ ಬಂದಿತ್ತು. ಕಳೆದ ಮಳೆಗಾಲ ಭರಣಿಯ ಬೀಜಕ್ಕೆ ಬೂಸ್ಟು ಹಿಡಿಯಿತು. ಉಳಿದದ್ದನ್ನು ಈ ಸಲ ಹಾಕಿದರೆ ಹುಟ್ಟಿದ್ದು ಒಂದೇ ಗಿಡ.

ಪ್ರಾಪ್ತಿಗೆ ಏನೋ ಹೊಳೆಯಿತು. ಚಪ್ಪಲಿ ಹಾಕದೆ ಪಕ್ಕದ ಮನೆಗೆ ಓಡಿದಳು. ಎಸ್ತೆರ್ ಬಾಯಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು.

“ಬಾಯಿ, ಅಜ್ಜಿ ಕೊಟ್ಟ ಹಾಲು ಬೆಂಡೆಯ ಬೀಜ ನಿಮ್ಮಲ್ಲಿ ಉಂಟಾ?”

“ನನ್ನಲ್ಲಿ ಎಲ್ಲಿಂದ ಪುತಾ?” ಎಸ್ತೆರ್ ಬಾಯಿ ನಕ್ಕರು. “ವಾರಿಜಕ್ಕನ ಹತ್ರ ಯಾವಾಗಲೂ ಇರ್ತದೆ ಅಂತ ನಾನು ಇಡುದೇ ಇಲ್ಲ. ಮಳೆ ಬಂದಾಗ ಕೇಳಿದರಾಯ್ತು. ಯಾಕೆ, ಬೇಕಿತ್ತಾ?”

ಪ್ರಾಪ್ತಿ ವಾಪಸು ಓಡಿದಳು. ಟೆರೇಸಿನಲ್ಲಿ ಗೊಬ್ಬರದ ಡಬ್ಬವನ್ನು ಅಡಿಮೇಲು ಮಾಡಿದಳು. ಕೊಚ್ಚಿದ ಸೊಪ್ಪು, ನಾರು, ಸಿಪ್ಪೆ. ಕೈ ಹಾಕಿ ಹುಡುಕಿದಳು. ಒಳ್ಳೆಮೆಣಸಿನ ಕಾಳಿನ ಗಾತ್ರದ ಬೀಜಗಳು ಸಿಕ್ಕವು, ಎಲ್ಲ ಸೀಳಿದ್ದವು. ಇಡಿಯಾಗಿ ಸಿಕ್ಕಿದ್ದು ಕೆಂಪು ಬಟ್ಟೆಯೊಂದೇ. ಅದರ ಗಂಟು ಸಹ ಬಿಚ್ಚಿರಲಿಲ್ಲ.

ಅಜ್ಜಿ ಅದನ್ನು ತೊಳೆದು ಹಗ್ಗದಲ್ಲಿ ಒಣಗಲು ಹಾಕಿದರು.

ರಜೆ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಫೋನ್ ಮತ್ತೆ ‘ಟಿಣ್’ ಅಂದಿತು. ಪ್ರಾಪ್ತಿ ಟಿವಿ ಆಫ್ ಮಾಡಿ ಮೇಲೆ ಹೋದಳು. ಬೆಂಡೆಯ ಮೋಟಿನ ಪಕ್ಕ ಎರಡೆಲೆಯ ಒಂದು ಸಸಿ. ಅದರ ಮೇಲೆ ಡೆಂಜಿ ಕತ್ತರಿ ತೆರೆದು ಕಾಯುತ್ತಿತ್ತು. ತೆಗೆಯಲೇ?

ಪ್ರಾಪ್ತಿ ಬಗ್ಗಿ ನೋಡಿದಳು. ಯಾವ ಸಸಿ ಅಂತ ಗೊತ್ತಾಗಲಿಲ್ಲ.

“ಅಜ್ಜೀ, ಒಮ್ಮೆ ಮೇಲೆ ಬರ್ತೀರಾ?”

ಅಜ್ಜಿ ಮೊಣಕಾಲಿಗೆ ಕೈ ಊರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಡೆಂಜಿ ಕಾಯಿತು. ಪ್ರಾಪ್ತಿಯೂ ಕಾದಳು.

“ಬೆಂಡೆಯಾ ಅಜ್ಜಿ?”

ಅಜ್ಜಿ ಎಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಅಲ್ಲ.”

ಪ್ರಾಪ್ತಿ ಪಕ್ಕದ ಮೋಟನ್ನೊಮ್ಮೆ ನೋಡಿದಳು.

“ಎಂತದು ಅಂತ ನನಗೂ ಗೊತ್ತಿಲ್ಲ,” ಎಂದರು ಅಜ್ಜಿ. “ಸ್ವಲ್ಪ ದೊಡ್ಡದಾಗಲಿ. ನೋಡುವ.”

ಪ್ರಾಪ್ತಿ ‘ನೋ’ ಒತ್ತಿದಳು. ಡೆಂಜಿ ಕತ್ತರಿ ಮುಚ್ಚಿ ಅಡ್ಡಕ್ಕೆ ಸರಿದು ಹೋಯಿತು. ಅವಳು ಹಗ್ಗದಿಂದ ಕೆಂಪು ಬಟ್ಟೆ ತಂದು, ಒಂದು ಕಡ್ಡಿಗೆ ಕಟ್ಟಿ, ಸಸಿಯ ಪಕ್ಕ ಊರಿದಳು. ಮುಂದಿನ ‘ಟಿಣ್’ ಬರುವವರೆಗೂ ಅಲ್ಲೇ ಕುಳಿತಿದ್ದಳು.