ಬಲಗೈ ಅಕ್ಷರ

"ಇದು ಬರವಣಿಗೆನೋ, ಇರುವೆ ಮೆರವಣಿಗೆನೋ?" ಮಿಸ್ ನೋಟ್‌ಬುಕ್ ಎತ್ತಿ ಹಿಡಿದು ಕೇಳಿದರು. ಇಡೀ ಕ್ಲಾಸ್ ಗೊಳ್ಳೆಂದು ನಕ್ಕಿತು. ಚೋಟು ತಲೆ ತಗ್ಗಿಸಿದಳು. ಆದರೂ ಪೆನ್ಸಿಲನ್ನು ಎಡಗೈಗೆ ಕೊಡಲಿಲ್ಲ. ಹಟ ಅಂದರೆ ಹಟ!

ಚೋಟು ಹುಟ್ಟಾ ಎಡಚಿ. ಅಂಗಡಿಗಳಿಗೆ ಬೋರ್ಡ್ ಬರೆಯುವ ಅವಳ ಅಪ್ಪನೂ ಎಡಚ. ಆಹಾ, ಆಗಿನ ಭಾನುವಾರಗಳು ಎಷ್ಟು ಚೆನ್ನಾಗಿದ್ದವು! ಒಂದೇ ಬೋರ್ಡಿನ ಮುಂದೆ ಇಬ್ಬರೂ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಅಪ್ಪ ಅಕ್ಷರದ ಅಂಚು ಎಳೆದರೆ ಅವಳು ಒಳಗೆ ಬಣ್ಣ ತುಂಬುತ್ತಿದ್ದಳು. "ಥೇಟ್ ಅಪ್ಪನೇ!" ಎಂದು ಅಜ್ಜಿ ಕೆನ್ನೆ ಹಿಂಡಿದರೆ ಅವಳಿಗೆ ಹಿಗ್ಗೋ ಹಿಗ್ಗು.

ಆಮೇಲೆ ಅಪ್ಪನಿಗೆ ಕುಡಿತ ಅಂಟಿಕೊಂಡಿತು. ಕೈ ನಡುಗಿ ಗೆರೆಗಳು ಸೊಟ್ಟಗಾದವು. ಕೊನೆಗೆ ಅಮ್ಮ ಆಸ್ಪತ್ರೆಗೆ ಸೇರಿಸಿದಳು. ಮೂರು ತಿಂಗಳ ಮೇಲೆ ಅಪ್ಪನನ್ನು ಮನೆಗೆ ಕಳಿಸುವಾಗ ಡಾಕ್ಟರ್ ಅಮ್ಮನಿಗೆ ಹೇಳಿದ್ದು ಚೋಟುವಿನ ಕಿವಿಗೂ ಬಿತ್ತು. "ಈ ಕಾಯಿಲೆ ಮುಂದೆ ಮಕ್ಕಳಿಗೂ ಬರಬಹುದು. ಮಗಳ ಮೇಲೆ ಒಂದು ಕಣ್ಣಿಡಿ."

ಚೋಟು ತನ್ನ ಎಡಗೈ ನೋಡಿಕೊಂಡಳು. ತಾನು ಥೇಟ್ ಅಪ್ಪನೇ ಅಲ್ಲವೇ! ಮಾರನೆಯ ದಿನವೇ ಪೆನ್ಸಿಲ್ ಬಲಗೈಗೆ ಹೋಯಿತು.

ಆ ಬಲಗೈ ಬರವಣಿಗೆ ನೋಡಿ ಮಿಸ್ ಕಳಿಸಿದ ಚೀಟಿಯನ್ನು ಸಂಜೆ ಅಪ್ಪನೇ ಓದಿದ.

"ಯಾಕೆ ಕಂದಾ, ಕೈಗೆ ಏನಾಯ್ತು?"

"ಏನಿಲ್ಲ."

"ನನ್ನ ಹತ್ರಾನೂ ಹೇಳಲ್ವಾ?"

ತಡೆದಿಟ್ಟ ಅಳು ಉಕ್ಕಿ ಬಂತು. "ಎಡಗೈಲಿ ಬರೆದ್ರೆ ನಾನೂ ನಿನ್ ಥರಾನೇ ಕುಡಿಯೋಕೆ ಶುರು ಮಾಡ್ತೀನಲ್ಲಾ!"

ಅಪ್ಪ ಚೀಟಿ ಕೆಳಗಿಟ್ಟ. ಅವಳನ್ನು ಹತ್ತಿರ ಎಳೆದುಕೊಂಡ.

"ಅಯ್ಯೋ ಪೆದ್ದೀ, ಕೈಗೂ ಕುಡಿತಕ್ಕೂ ಏನೇನೂ ಸಂಬಂಧ ಇಲ್ಲ."

"ಹಾಗಾದ್ರೆ ನಂಗೆ ಆ ಕಾಯಿಲೆ ಬರಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಅಪ್ಪ ಹಾಗೆನ್ನಲಿಲ್ಲ.

"ಬೇರೆ ಮಕ್ಕಳಿಗಿಂತ ನಿಂಗೆ ಸ್ವಲ್ಪ ಜಾಸ್ತಿ ಚಾನ್ಸ್ ಇದೆಯಂತೆ. ಹಾಗಂತ ಬಂದೇ ಬರುತ್ತೆ ಅಂತೇನಿಲ್ಲ. ನಾನು ಟ್ರೀಟ್‌ಮೆಂಟ್ ಬಿಡಬಾರದು, ನೀನು ದೊಡ್ಡವಳಾದ ಮೇಲೆ ಹುಷಾರಾಗಿರ್ಬೇಕು. ಆಗ ಚಾನ್ಸ್ ಕಮ್ಮಿಯಾಗುತ್ತೆ ಅಂದ್ರು ಡಾಕ್ಟರ್."

"ನಿಂಗೆ ಯಾರಿಂದ ಬಂತು?"

"ನಮ್ಮಪ್ಪನೂ ಕುಡೀತಿದ್ರು. ನಿನ್ನಷ್ಟಿದ್ದಾಗ ನಂಗೂ ಇದೇ ಹೆದರಿಕೆ. ಕೇಳೋಕೆ ಹೋದ್ರೆ 'ಬಾಯ್ಮುಚ್ಚು' ಅಂತಿದ್ರು. ಮುಚ್ಕೊಂಡೆ."

ಅಪ್ಪನ ಕಣ್ಣು ತುಂಬಿತ್ತು. ತನ್ನಷ್ಟೇ ಎತ್ತರದ ಅಪ್ಪ, ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದು ಚೋಟುವಿಗೆ ಕಂಡಂತಾಯಿತು. ಪಾಪ ಎನಿಸಿತು.

"ಅಪ್ಪಾ, ಇನ್ನೊಂದು ಕೇಳ್ಲಾ?"

"ಕೇಳು."

ಕೇಳಿದಳು. ಅದಾದ ಮೇಲೆ ಮತ್ತೊಂದು. ಅಮ್ಮ ಊಟಕ್ಕೆ ಮೂರು ಸಲ ಕರೆದರೂ ಇಬ್ಬರೂ ಏಳಲಿಲ್ಲ.